ಚಾಪೆ ಹಾಸಿದ ಪುಟ್ಟ ದೇಶ

ಬೈಲಹೊಂಗಲದಲ್ಲಿರುವ ಅಕ್ಕನ ಮನೆಗೆ ಹೋದಾಗಲೆಲ್ಲ ಅವಳ ಮಗಳು ನನಗೊಂದು ಪರೀಕ್ಷೆ ಇಡುತ್ತಾಳೆ. ಈ ಸಲ ಶಾಲೆಯ ರಸಪ್ರಶ್ನೆಗೆಂದು ಭೂಪಟ ಹಾಸಿಕೊಂಡು ಕೂತಿದ್ದಳು. ಇಂಡೋನೇಷ್ಯಾದ ದ್ವೀಪಗಳ ಸಾಲಿನ ತುದಿಯಲ್ಲಿ, ಅರ್ಧ ದ್ವೀಪಕ್ಕೆ ಮಾತ್ರ ಬೇರೆ ಬಣ್ಣ. "ಖಾಲಾ, ಇದು ಯಾವ ದೇಶ? ಇಷ್ಟ ಸಣ್ಣದು! ಇಂಥಾ ದೇಶ ಇದ್ದರೆಷ್ಟು, ಬಿಟ್ಟರೆಷ್ಟು?" ಎಂದಳು.

ಅದು ತಿಮೋರ್ ಲೆಸ್ತೆ. ಪೂರ್ವ ತಿಮೋರ್ ಎಂದರೆ ಹಿರಿಯರಿಗೆ ನೆನಪಾದೀತು. ಸಣ್ಣದೆಂದರೆ ಎಷ್ಟು ಸಣ್ಣದು? ನಮ್ಮ ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,415 ಚದರ ಕಿಲೋಮೀಟರ್. ಆ ದೇಶದ್ದು ಸುಮಾರು 15,000. ಅಂದರೆ ನಮ್ಮ ಜಿಲ್ಲೆಗಿಂತ ತುಸುವೇ ದೊಡ್ಡದು. ಜನಸಂಖ್ಯೆಯೋ ಸುಮಾರು 13 ಲಕ್ಷ. 2011ರ ಜನಗಣತಿಯಲ್ಲೇ ನಮ್ಮ ಜಿಲ್ಲೆಯದು 47 ಲಕ್ಷ ದಾಟಿತ್ತು. ಅವರೂ ನಮ್ಮಂತೆ ಗೋವಿನಜೋಳ ತಿನ್ನುವ ಜನ, ಎಲೆಯಡಿಕೆ ಮೆಲ್ಲುವ ಜನ. ಒಂದು ಕಾಲಕ್ಕೆ ಗೋವೆಯಲ್ಲಿ ಕೂತ ಪೋರ್ಚುಗೀಸ್ ಅಧಿಕಾರಿಗಳೇ ಅವರನ್ನೂ ಆಳುತ್ತಿದ್ದರು. ಶ್ರೀಗಂಧದ ವಾಸನೆ ಹಿಡಿದು ಅಲ್ಲಿಗೆ ಹೋದವರು ನಾಲ್ಕು ಶತಮಾನ ಬಿಟ್ಟು ಕದಲಲಿಲ್ಲ.

ಅವಳಿಗೆ ಉತ್ತರ ಹೇಳಲು ನನಗೆ ತಿಮೋರಿಗಿಂತ ಮೊದಲು ಕಿತ್ತೂರೇ ನೆನಪಾಯಿತು. ಬೈಲಹೊಂಗಲದಲ್ಲಿ ಕೂತು ಸಣ್ಣ ರಾಜ್ಯದಿಂದ ಏನಾದೀತು ಎಂದು ಕೇಳುವುದೆಂದರೇನು! ರಾಣಿ ಚೆನ್ನಮ್ಮನ ಸಮಾಧಿ ಇರುವುದೇ ಆ ಊರಿನಲ್ಲಿ.

1824ರ ಅಕ್ಟೋಬರ್ 23ರಂದು ಕಿತ್ತೂರಿನ ಪಡೆ ಕಂಪನಿ ಸೈನ್ಯವನ್ನು ಸೋಲಿಸಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಇಷ್ಟು ಎಲ್ಲರಿಗೂ ಗೊತ್ತು, ಪ್ರತಿವರ್ಷ ಉತ್ಸವದಲ್ಲಿ ಕೇಳುತ್ತೇವೆ. ಆಮೇಲಿನದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಕಿತ್ತೂರಿನ ಕೈಗೆ ಸೆರೆಸಿಕ್ಕಿದ್ದರು. ಯುದ್ಧ ನಿಲ್ಲುತ್ತದೆ, ಮಾತುಕತೆ ನಡೆಯುತ್ತದೆ ಎಂಬ ನಂಬಿಕೆಯ ಮೇಲೆ ಕಿತ್ತೂರು ಅವರಿಬ್ಬರನ್ನೂ ಬಿಟ್ಟುಕೊಟ್ಟಿತು. ಕಂಪನಿ ದೊಡ್ಡ ಸೈನ್ಯ ತಂದು ಡಿಸೆಂಬರ್ ಮೊದಲ ವಾರದಲ್ಲೇ ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಬಂದಿಯಾಗಿದ್ದು 1829ರಲ್ಲಿ ತೀರಿಕೊಂಡಳು. (ಹಾಗೆ ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಸೀಮೆಯ ಹಳೆಗನ್ನಡ ಶಾಸನಗಳನ್ನು ಸಂಗ್ರಹಿಸಿ ದೊಡ್ಡ ವಿದ್ವಾಂಸನೆನಿಸಿದ. ಅದೊಂದು ಲಾಭವಾಯಿತೆನ್ನಿ.) ಶಾಂತಿಗಾಗಿ ಮೊದಲ ಹೆಜ್ಜೆ ಇಟ್ಟದ್ದು ಸಣ್ಣವರು, ಮಾತು ಮುರಿದದ್ದು ದೊಡ್ಡವರು. ಕಿತ್ತೂರಿಗೆ ದೂರು ಕೊಡಲು ಆಗ ಜಗತ್ತಿನಲ್ಲಿ ಒಂದು ಬಾಗಿಲೂ ಇರಲಿಲ್ಲ.

ತಿಮೋರಿಗೆ ಇತ್ತು. ಆದರೆ ಆ ಬಾಗಿಲು ತೆರೆಯಲು 24 ವರ್ಷ ಬೇಕಾಯಿತು.

1975ರ ನವೆಂಬರ್ 28ರಂದು ತಿಮೋರ್ ತಾನು ಸ್ವತಂತ್ರವೆಂದು ಸಾರಿತು. ಒಂಬತ್ತೇ ದಿನಕ್ಕೆ, ಡಿಸೆಂಬರ್ 7ರಂದು, ಇಂಡೋನೇಷ್ಯಾದ ಸೈನ್ಯ ಇಳಿಯಿತು. 1974ರಿಂದ 1999ರವರೆಗಿನ ಸಂಘರ್ಷದಲ್ಲಿ ಕಡಿಮೆಯೆಂದರೂ 1,02,800 ಜನ ಸತ್ತರೆಂದು ಆ ದೇಶದ ಸತ್ಯ ಆಯೋಗ 2005ರಲ್ಲಿ ಲೆಕ್ಕ ಕೊಟ್ಟಿತು. ಅವರಲ್ಲಿ ಗುಂಡಿಗಿಂತ ಹಸಿವು, ರೋಗಕ್ಕೆ ಸತ್ತವರೇ ಬಹಳ. ಸಹೋದರಿಯರೇ, ದಾಳಿ ಮಾಡಿದ್ದು ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ಸೈನ್ಯ, ಸತ್ತವರು ಹೆಚ್ಚಿನವರು ಮುಸ್ಲಿಮರಲ್ಲ. ಈ ಮಾತನ್ನು ನುಂಗಿಕೊಂಡು ಬರೆಯಬಾರದು. ಅನ್ಯಾಯ ಯಾರು ಮಾಡಿದರೂ ಅನ್ಯಾಯವೇ. ಅದೇ ಜನ ಮುಂದೆ ಏನು ಮಾಡಿದರೆಂಬುದನ್ನೂ ನೋಡಿ. ಸ್ವಾತಂತ್ರ್ಯ ಬಂದಾಗ ಆ ಕ್ಯಾಥೋಲಿಕ್ ದೇಶದ ಮೊದಲ ಪ್ರಧಾನಿಯಾದವರು ಮಾರಿ ಅಲ್ಕತೀರಿ. ಯೆಮನ್ ಮೂಲದ ಮುಸ್ಲಿಮ್ ಮನೆತನದವರು, ವಿಮೋಚನಾ ಹೋರಾಟದ ಮೊದಲ ಸಾಲಿನಲ್ಲಿದ್ದವರು. ಅಲ್ಲಿ ಮುಸ್ಲಿಮರು ನೂರಕ್ಕೆ ಒಬ್ಬರೂ ಇಲ್ಲ.

1999ರ ಆಗಸ್ಟ್ 30ರಂದು ವಿಶ್ವಸಂಸ್ಥೆ ಜನಮತ ಕೇಳಿತು. ನೂರಕ್ಕೆ 78.5ರಷ್ಟು ಮತ ಸ್ವಾತಂತ್ರ್ಯಕ್ಕೆ ಬಿತ್ತು. ಸೋತ ಸಿಟ್ಟಿಗೆ ಸೈನ್ಯದ ಬೆಂಬಲವಿದ್ದ ಗುಂಪುಗಳು ಊರೂರು ಸುಟ್ಟವು. ಅಂತರರಾಷ್ಟ್ರೀಯ ಪಡೆ ಬಂದಮೇಲೆಯೇ ಅದು ನಿಂತಿತು. 2002ರ ಮೇ 20ರಂದು ತಿಮೋರ್ ಲೆಸ್ತೆ ಸ್ವತಂತ್ರ ದೇಶವಾಯಿತು, ಅದೇ ವರ್ಷ ವಿಶ್ವಸಂಸ್ಥೆಯ 191ನೇ ಸದಸ್ಯವಾಯಿತು. ಮೊದಲ ಅಧ್ಯಕ್ಷ ಶನಾನಾ ಗುಸ್ಮಾಂವ್ ಇಂಡೋನೇಷ್ಯಾದ ಜೈಲಿನಲ್ಲಿ ಆರು ವರ್ಷಕ್ಕೂ ಹೆಚ್ಚು ಕಾಲ ಕೊಳೆತವರು. ಸ್ವಾತಂತ್ರ್ಯದ ಸಮಾರಂಭಕ್ಕೆ ಅದೇ ಇಂಡೋನೇಷ್ಯಾದ ಅಧ್ಯಕ್ಷೆ ಮೇಘಾವತಿಯವರನ್ನು ಕರೆದರು. ಅವರೂ ಬಂದರು.

ಇನ್ನು ಹಳ್ಳಿಗಳ ಮಾತು. ಮನೆ ಸುಟ್ಟವನು, ಮನೆ ಸುಡಿಸಿಕೊಂಡವನು ಒಂದೇ ಓಣಿಯಲ್ಲಿ ಬದುಕಬೇಕಿತ್ತು. ಅವರ ಹಿರಿಯರ ಕಾಲದಿಂದ ಒಂದು ಪದ್ಧತಿಯಿದೆ, ಹೆಸರು 'ನಾಹೆ ಬೀತಿ'. ಅಂದರೆ ಚಾಪೆ ಹಾಸುವುದು. ನಮ್ಮ ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂತು ಹೊಲದ ಬದುವಿನ ಜಗಳ ಬಗೆಹರಿಸುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆಯೇ. ಊರ ನಡುವೆ ಹೆಣೆದ ದೊಡ್ಡ ಚಾಪೆ ಹಾಸುತ್ತಾರೆ. ತಪ್ಪು ಮಾಡಿದವನು ಎಲ್ಲರೆದುರು ಎದ್ದುನಿಂತು ತಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕು. ನೊಂದವರು ಪ್ರಶ್ನೆ ಕೇಳುತ್ತಾರೆ. ಕ್ಷಮೆ ಕೇಳಬೇಕು, ಸುಟ್ಟ ಮನೆ ಕಟ್ಟಿಕೊಡಬೇಕು, ಇಲ್ಲವೇ ಊರಿನ ಕೆಲಸ ಮಾಡಬೇಕು. ಸತ್ಯ ಆಯೋಗ ಈ ಪದ್ಧತಿಯನ್ನೇ ಕಾನೂನಿನೊಳಕ್ಕೆ ತಂದಿತು. 1,371 ಜನ ಹೀಗೆ ಊರಿನೆದುರು ಒಪ್ಪಿಕೊಂಡು ಮತ್ತೆ ಊರವರಾದರು. ಕೊಲೆ, ಅತ್ಯಾಚಾರಗಳನ್ನು ಮಾತ್ರ ಚಾಪೆಯ ಮೇಲೆ ಬಗೆಹರಿಸುವಂತಿರಲಿಲ್ಲ. ಅವು ನ್ಯಾಯಾಲಯಕ್ಕೇ ಹೋಗಬೇಕಿತ್ತು. ಅದು ಸರಿಯಾದ ಗೆರೆ ಎಂದು ನನಗನಿಸುತ್ತದೆ.

ದೊಡ್ಡ ನೆರೆಯವರ ಜೊತೆಗೂ ತಿಮೋರ್ ಇದೇ ಚಾಪೆಯನ್ನು ಹಾಸಿತು. 2005ರಲ್ಲಿ ಎರಡೂ ದೇಶಗಳು ಕೂಡಿ 'ಸತ್ಯ ಮತ್ತು ಸ್ನೇಹ ಆಯೋಗ' ಮಾಡಿದವು. ದೇಶಕ್ಕೆ ಐವರಂತೆ ಹತ್ತು ಸದಸ್ಯರು. 1999ರ ಹಿಂಸೆಯಲ್ಲಿ ಇಂಡೋನೇಷ್ಯಾದ ಸೈನ್ಯ, ಪೊಲೀಸ್ ಮತ್ತು ಆಡಳಿತದ ಹೊಣೆ ಇದೆಯೆಂದು 2008ರ ವರದಿ ಹೇಳಿತು. ಎರಡೂ ದೇಶಗಳ ಅಧ್ಯಕ್ಷರು ಅದನ್ನು ಒಪ್ಪಿಕೊಂಡರು. ಇಂಡೋನೇಷ್ಯಾ ವಿಷಾದ ಹೇಳಿತು, ಕ್ಷಮೆ ಕೇಳಲಿಲ್ಲ.

ಇನ್ನೊಬ್ಬ ನೆರೆಯವನು ಆಸ್ಟ್ರೇಲಿಯಾ. ಇಬ್ಬರ ನಡುವಿನ ಕಡಲಿನಡಿ ತೈಲ, ಅನಿಲ. ತಿಮೋರ್ ಸ್ವತಂತ್ರವಾಗುವ ಎರಡು ತಿಂಗಳ ಮುಂಚೆಯೇ, ಕಡಲಗಡಿಯ ತಕರಾರನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಕೇಳದಂತೆ ಆಸ್ಟ್ರೇಲಿಯಾ ಹಿಂದೆ ಸರಿದಿತ್ತು. ಶ್ರೀಮಂತ ನೆರೆಯವನ ಜಾಣತನ! ತಿಮೋರ್ ಕಾನೂನು ಪುಸ್ತಕ ತಿರುವಿಹಾಕಿ, ಅದುವರೆಗೆ ಯಾರೂ ಬಳಸದ ಒಂದು ದಾರಿ ಹುಡುಕಿತು. ವಿಶ್ವಸಂಸ್ಥೆಯ ಕಡಲ ಕಾನೂನಿನಲ್ಲಿ ಕಡ್ಡಾಯ ಸಂಧಾನ ಎಂಬ ವಿಧಿಯಿದೆ. ಒಬ್ಬರು ಕರೆದರೆ ಇನ್ನೊಬ್ಬರು ಬಂದು ಕೂರಲೇಬೇಕು. 2016ರ ಏಪ್ರಿಲ್‌ನಲ್ಲಿ ಕರೆಯಿತು, 2018ರ ಮಾರ್ಚ್ 6ರಂದು ಒಪ್ಪಂದಕ್ಕೆ ಸಹಿ ಬಿತ್ತು. ಕಡಲಗಡಿ ಬಹುಮಟ್ಟಿಗೆ ತಿಮೋರ್ ಕೇಳಿದ ನಡುಗೆರೆಗೇ ಬಂತು. ಒಂದು ಗುಂಡೂ ಹಾರಲಿಲ್ಲ. ಮುಂದೆ ಇಂಥ ತಕರಾರಿರುವ ಬೇರೆ ಸಣ್ಣ ದೇಶಗಳಿಗೂ ಆ ದಾರಿ ಕಂಡಿತು.

ನವಿಲುತೀರ್ಥದ ಅಣೆಕಟ್ಟೆಯಲ್ಲಿ ನೀರು ಎಷ್ಟಿದೆಯೆಂದು ವರ್ಷವರ್ಷವೂ ಕಣ್ಣರಳಿಸಿ ನೋಡುವ ನಮಗೆ, ಗೋವೆಯೊಂದಿಗಿನ ಮಹದಾಯಿ ತಕರಾರು ಕೇಳಿ ಬೇಸತ್ತ ನಮಗೆ, ನೆರೆಯವರೊಡನೆ ಕೂತು ಗೆರೆ ಎಳೆದುಕೊಳ್ಳುವ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಕಾಪಾಡಿಸಿಕೊಂಡವರು ಮುಂದೆ ಕಾಪಾಡಲು ಹೊರಟರು. 2010ರಲ್ಲಿ ಯುದ್ಧ, ಬಡತನಗಳಿಂದ ನುಗ್ಗಾದ ದೇಶಗಳ ಒಂದು ಕೂಟ ತಿಮೋರಿನ ರಾಜಧಾನಿ ದಿಲಿಯಲ್ಲಿ ಹುಟ್ಟಿತು. ಹೆಸರು 'ಜಿ7 ಪ್ಲಸ್'. ನೆರವು ಕೊಡುವ ಶ್ರೀಮಂತ ದೇಶಗಳು ನಮ್ಮ ಮಾತನ್ನೂ ಕೇಳಿ ಯೋಜನೆ ಮಾಡಲಿ ಎಂಬುದು ಅದರ ಹಟ. ಅಫ್ಘಾನಿಸ್ತಾನ, ಸೊಮಾಲಿಯಾ, ಯೆಮನ್ ಕೂಡ ಅದರೊಳಗಿವೆ. 2012ರಲ್ಲಿ ತಿಮೋರಿನ ಯೋಧರ ಒಂದು ಚಿಕ್ಕ ತಂಡ ಪೋರ್ಚುಗಲ್ಲಿನ ಎಂಜಿನಿಯರುಗಳೊಡನೆ ಲೆಬನಾನಿನ ಶಾಂತಿಪಡೆಗೆ ಹೋಯಿತು. 1996ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇಬ್ಬರು ತಿಮೋರಿಗರಲ್ಲಿ ಒಬ್ಬರಾದ ರಾಮೋಸ್ ಹೋರ್ತಾ, ಆಫ್ರಿಕಾದ ಗಿನಿ ಬಿಸ್ಸಾವ್‌ನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದರು. ಸೇನಾ ದಂಗೆಯಾಗಿದ್ದ ಆ ದೇಶದಲ್ಲಿ 2014ರ ಚುನಾವಣೆಗೆ ಮತದಾರರ ಪಟ್ಟಿ ಮಾಡಲು ತಿಮೋರ್ ಹಣವನ್ನೂ ಜನರನ್ನೂ ಕೊಟ್ಟಿತು.

ಇದನ್ನೆಲ್ಲ ಕೇಳಿಸಿಕೊಂಡ ಅಕ್ಕ, ಚಹಾ ಸೋಸುತ್ತ, "ನಮಗೇನು ಕೊಟ್ಟಾರ ಅವರು?" ಎಂದಳು. ಅದಕ್ಕೂ ಉತ್ತರವಿದೆ. ತಿಮೋರಿನ ತೋಟದಲ್ಲಿ ತಾನಾಗಿಯೇ ಹುಟ್ಟಿದ ಒಂದು ಕಾಫಿ ಗಿಡಕ್ಕೆ ಎಲೆತುಕ್ಕು ರೋಗ ತಡೆಯುವ ಶಕ್ತಿಯಿತ್ತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ನಮ್ಮ ಬೆಳೆಗಾರರಿಗೆ ಬಂದ 'ಕಾವೇರಿ', 'ಚಂದ್ರಗಿರಿ' ತಳಿಗಳಲ್ಲಿ ಆ ಗಿಡದ ವಂಶವಿದೆ. ಚಹಾ ಕುಡಿಯುವ ಬೈಲಹೊಂಗಲದವರಿಗೆ ಇದರಿಂದ ಆಗಬೇಕಾದ್ದೇನೂ ಇಲ್ಲ, ಚಿಕ್ಕಮಗಳೂರಿನವರಿಗೆ ಇದೆ.

ಎಲ್ಲವೂ ಹಾಲು ಜೇನು ಎಂದೇನೂ ಅಲ್ಲ. 2006ರಲ್ಲಿ ಅವರ ಸೈನ್ಯ, ಪೊಲೀಸರೇ ಒಬ್ಬರ ಮೇಲೊಬ್ಬರು ಬಿದ್ದರು. ಮತ್ತೆ ವಿಶ್ವಸಂಸ್ಥೆಯನ್ನು ಕರೆಯಬೇಕಾಯಿತು, ಆ ಶಾಂತಿಪಡೆ ಮರಳಿದ್ದು 2012ರ ಕೊನೆಗೆ. ಬಡತನ ಈಗಲೂ ಇದೆ. 1999ರ ಅಪರಾಧಗಳಿಗಾಗಿ ಸುಮಾರು 400 ಜನರ ಮೇಲೆ ಆರೋಪಪಟ್ಟಿ ಹಾಕಿದ್ದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ಗಡಿಯಾಚೆ ಇದ್ದರು, ಕೈಗೆ ಸಿಗಲೇ ಇಲ್ಲ. ಸರಕಾರಗಳು ಕೈಕುಲುಕಿದವು, ಗಂಡನನ್ನು ಕಳೆದುಕೊಂಡವಳಿಗೆ, ಮಾನ ಕಳೆದುಕೊಂಡವಳಿಗೆ ಏನು ಸಿಕ್ಕಿತು ಎಂದು ಅಲ್ಲಿನ ಮಹಿಳಾ ಸಂಘಟನೆಗಳು ಕೇಳುತ್ತಲೇ ಇವೆ. ದೊಡ್ಡ ನೆರೆಯವನ ಪಕ್ಕದಲ್ಲಿ ಬದುಕಬೇಕಾದ ಸಣ್ಣ ದೇಶಕ್ಕೆ ಬೇರೆ ದಾರಿ ಇರಲಿಲ್ಲ ಎಂದು ಅವರ ನಾಯಕರು ಹೇಳುತ್ತಾರೆ. ನನಗೆ ಎರಡೂ ಮಾತು ನಿಜವೆನಿಸುತ್ತದೆ.

2025ರ ಅಕ್ಟೋಬರ್ 26ರಂದು ಕೌಲಾಲಂಪುರದಲ್ಲಿ ತಿಮೋರ್ ಲೆಸ್ತೆ ಆಸಿಯಾನ್ ಕೂಟದ 11ನೇ ಸದಸ್ಯವಾಯಿತು. ಕಿತ್ತೂರಿನ ವಿಜಯದ ದಿನ ಕಳೆದು ಮೂರೇ ದಿನಕ್ಕೆ! ಅದರ ಬೇಡಿಕೆಯನ್ನು ಮೊದಲಿನಿಂದ ಬೆಂಬಲಿಸಿದವರಲ್ಲಿ ಇಂಡೋನೇಷ್ಯಾವೂ ಒಂದು.

ಅಕ್ಕನ ಮಗಳಿಗೆ ನಾನು ಕೊನೆಗೆ ಹೇಳಿದ್ದು ಮಕ್ಕಳ ವಿಷಯ. ಸೈನ್ಯವಿದ್ದ ವರ್ಷಗಳಲ್ಲಿ ಸೈನಿಕರು, ಇತರರು ಸಾವಿರಾರು ತಿಮೋರಿ ಮಕ್ಕಳನ್ನು ಇಂಡೋನೇಷ್ಯಾಕ್ಕೆ ಕೊಂಡೊಯ್ದಿದ್ದರು. ಓದಿಸುತ್ತೇವೆಂದು ಕೆಲವರನ್ನು, ಹೆದರಿಸಿ ಕೆಲವರನ್ನು. ಹಲವರು ಅಲ್ಲಿ ಹೊಸ ಹೆಸರು, ಹೊಸ ಧರ್ಮದಲ್ಲಿ ಬೆಳೆದರು, ಮದುವೆಯಾದರು. ಅವರನ್ನು ಹುಡುಕಿ ಹೆತ್ತವರಿಗೆ ತೋರಿಸಬೇಕೆಂದು ಎರಡೂ ದೇಶಗಳ ಮಾನವ ಹಕ್ಕು ಸಂಘಟನೆಗಳು ಕೂಡಿ ಭೇಟಿ ಏರ್ಪಡಿಸುತ್ತಿವೆ. ನಡುವಯಸ್ಸಿನ ಗಂಡಸು, ಹೆಂಗಸು ವಿಮಾನದಿಂದಿಳಿಯುತ್ತಾರೆ. ತಾಯಿಯ ಭಾಷೆ ಮರೆತಿರುತ್ತದೆ. ಕೆಲವರು ಬರುವಷ್ಟರಲ್ಲಿ ತಾಯಿ ಇರುವುದಿಲ್ಲ. ಕೆಲವು ದಿನ ಇದ್ದು, ಇಂಡೋನೇಷ್ಯಾದಲ್ಲಿರುವ ತಮ್ಮ ಮಕ್ಕಳ ಬಳಿಗೆ ಮರಳುತ್ತಾರೆ.

"ಹಂಗಾದ್ರ ಅವರ ಮನಿ ಯಾವ್ದು, ಖಾಲಾ?" ಎಂದಳು ಹುಡುಗಿ. ಅಕ್ಕ ಚಹಾದ ಕಪ್ಪು ಮುಂದಿಟ್ಟು ಅವಳ ತಲೆ ನೇವರಿಸಿದಳು. ಭೂಪಟ ಇನ್ನೂ ಚಾಪೆಯ ಮೇಲೆ ಹಾಗೇ ಬಿಚ್ಚಿಕೊಂಡಿತ್ತು.