ಕಾಂಪೌಂಡಿನ ಆಚೆ ಬಿದ್ದ ಚೀಲ

ದೇವನಹಳ್ಳಿ ಕಡೆಯ ಒಳರಸ್ತೆಯೊಂದರಲ್ಲಿ ಸೋಮವಾರ ಬೆಳಿಗ್ಗೆ ನಿಂತಿದ್ದೆ. ಭಾನುವಾರದ ಬಾಡೂಟ ಮುಗಿದಿತ್ತು. ಮೋರಿಯ ಪಕ್ಕ ಕಪ್ಪು ಪ್ಲಾಸ್ಟಿಕ್ ಚೀಲಗಳು, ನಾಯಿಗಳು ಎಳೆದಾಡಿ ಹರಡಿದ ಕೋಳಿ ಕರುಳು, ಪುಕ್ಕ, ಕಾಲು. ತಲೆಯೆತ್ತಿದರೆ ಇಪ್ಪತ್ತು ಮೂವತ್ತು ಹದ್ದುಗಳು ಸುತ್ತು ಹಾಕುತ್ತಿದ್ದವು. ಅವುಗಳ ಆಚೆ, ಗಾಲಿ ಬಿಚ್ಚಿಕೊಂಡು ಕೆಳಗಿಳಿಯುತ್ತಿದ್ದ ವಿಮಾನ. ಎರಡನ್ನೂ ಒಂದೇ ಆಕಾಶದಲ್ಲಿ ಕಂಡಾಗ ಆದ ದಿಗಿಲು ಇನ್ನೂ ಹೋಗಿಲ್ಲ.

ಹದ್ದಿನ ತೂಕ ಹೆಚ್ಚೆಂದರೆ ಒಂದು ಕಿಲೋದ ಆಸುಪಾಸು. ಆದರೆ ಗಂಟೆಗೆ 250 ಕಿಲೋಮೀಟರ್ ವೇಗದ ವಿಮಾನಕ್ಕೆ 800 ಗ್ರಾಂನ ಹಕ್ಕಿ ಅಡ್ಡ ಬಂದರೆ ಬೀಳುವ ಪೆಟ್ಟು, ಹತ್ತು ಕಿಲೋ ಕಲ್ಲನ್ನು ಆರೇಳು ಅಂತಸ್ತಿನ ಮೇಲಿಂದ ಬಿಟ್ಟಷ್ಟು. ಇಂಥ ಡಿಕ್ಕಿಗಳಲ್ಲಿ ಬಹುಪಾಲು ಆಗುವುದು ವಿಮಾನ ಏರುವಾಗ ಅಥವಾ ಇಳಿಯುವಾಗ. ಪೈಲಟ್‌ಗೆ ಯೋಚಿಸಲು ಸಮಯ, ಎತ್ತರ ಎರಡೂ ಕಡಿಮೆ ಇರುವ ಗಳಿಗೆ ಅದು.

2022ರ ಜೂನ್‌ನಲ್ಲಿ ಪಟ್ನಾದಿಂದ ಹೊರಟ ಸ್ಪೈಸ್‌ಜೆಟ್ ವಿಮಾನಕ್ಕೆ ಹಕ್ಕಿ ಬಡಿದು ಎಡ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿತು. ಕ್ಯಾಪ್ಟನ್ ಮೋನಿಕಾ ಖನ್ನಾ ಆ ಎಂಜಿನ್ ನಿಲ್ಲಿಸಿ, ಉಳಿದೊಂದರ ಬಲದಲ್ಲೇ 180ಕ್ಕೂ ಹೆಚ್ಚು ಜನರನ್ನು ಸುರಕ್ಷಿತವಾಗಿ ವಾಪಸ್ ಇಳಿಸಿದರು. ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 2024ರ ಡಿಸೆಂಬರ್ 29ರಂದು ಹಾಗಾಗಲಿಲ್ಲ. ಜೆಜು ಏರ್ ವಿಮಾನದ ಎರಡೂ ಎಂಜಿನ್‌ಗಳಲ್ಲಿ ವಲಸೆ ಬಾತುಗಳ ಪುಕ್ಕ ಮತ್ತು ರಕ್ತ ಸಿಕ್ಕಿತು. 179 ಮಂದಿ ತೀರಿಕೊಂಡರು. ವಿಮಾನ ರನ್‌ವೇ ದಾಟಿ ಹೋಗಿ ಕಾಂಕ್ರೀಟ್ ದಿಬ್ಬಕ್ಕೆ ಬಡಿದದ್ದರಿಂದ ಸಾವು ಅಷ್ಟಾಯಿತು, ನಿಜ. ಆದರೂ ಆ ಬೆಳಗಿನ ಗಂಡಾಂತರ ಶುರುವಾದದ್ದು ಹಕ್ಕಿಗಳಿಂದ.

ವಿಮಾನ ನಿಲ್ದಾಣದ ಬೇಲಿಯ ಒಳಗೆ ಹಕ್ಕಿಗಳನ್ನು ದೂರವಿಡುವ ಕೆಲಸ ನಡೆಯುತ್ತದೆ. ಜೀಪಿನಲ್ಲಿ ರನ್‌ವೇ ಸುತ್ತುವವರು, ಪಟಾಕಿ ಹೊಡೆದು ಹಕ್ಕಿ ಎಬ್ಬಿಸುವವರು, ಹುಲ್ಲು ಕತ್ತರಿಸುವವರು, ಮೊದಲ ಮಳೆಗೆ ಗೆದ್ದಲಿನ ರೆಕ್ಕೆಹುಳು ಎದ್ದ ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯುವವರು. ಬಯಲಲ್ಲೇ ಮೊಟ್ಟೆ ಇಡುವ ಟಿಟ್ಟಿಭ ಹಕ್ಕಿಯನ್ನು ಅಲ್ಲಿಂದ ಕದಲಿಸುವುದು ಎಷ್ಟು ಕಷ್ಟವೆಂದು ಅವರನ್ನೇ ಕೇಳಬೇಕು. ಇವರ ಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ಅವರ ಕೈ ಕಾಂಪೌಂಡಿನವರೆಗೆ ಮಾತ್ರ. ಪಟಾಕಿಗೆ ಬೆದರಿ ಎದ್ದ ಹದ್ದು ಅರ್ಧ ಗಂಟೆಯಲ್ಲಿ ಮತ್ತೆ ಬರುತ್ತದೆ. ಅದರ ಊಟ ಆಚೆ ಕಡೆ ಬಿದ್ದಿದೆ.

ಆಚೆ ಕಡೆಗೂ ಕಾನೂನಿದೆ. 1937ರ ವಿಮಾನ ನಿಯಮಗಳ 91ನೇ ನಿಯಮದ ಪ್ರಕಾರ ವಿಮಾನ ನಿಲ್ದಾಣದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಪ್ರಾಣಿ ಕಡಿಯುವಂತಿಲ್ಲ, ಹಕ್ಕಿಗಳನ್ನು ಸೆಳೆಯುವ ಕಸ ಹಾಕುವಂತಿಲ್ಲ. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಎತ್ತುವುದಿಲ್ಲ: ಹಕ್ಕಿ ಬಾರದಂತೆ ಸರಿಯಾದ ವ್ಯವಸ್ಥೆ ಮಾಡಿಕೊಂಡ ಮಾಂಸದಂಗಡಿ, ಹೋಟೆಲುಗಳಿಗೆ ಅನುಮತಿ ಕೊಡಬಹುದು. ಅಂದರೆ ಕಾನೂನಿನ ಕಣ್ಣಿರುವುದು ತ್ಯಾಜ್ಯದ ಮೇಲೆ, ಮಾಂಸ ತಿನ್ನುವವರ ಮೇಲಲ್ಲ.

ನಾವು ಮಾಡುವುದು ಬೇರೆ. 2025ರ ಏರೋ ಇಂಡಿಯಾ ವೈಮಾನಿಕ ಪ್ರದರ್ಶನಕ್ಕೆ ಯಲಹಂಕ ವಾಯುನೆಲೆಯ 13 ಕಿಲೋಮೀಟರ್ ಸುತ್ತ ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸ, ಕೋಳಿ, ಮೀನಿನ ಅಂಗಡಿ ಮುಚ್ಚಿಸಲಾಯಿತು. ಹೋಟೆಲುಗಳಲ್ಲಿ ಬಾಡೂಟವೂ ನಿಂತಿತು. ಯುದ್ಧವಿಮಾನ ಹಾರಿಸುವವರ ಜೀವ ದೊಡ್ಡದು, ಒಪ್ಪುತ್ತೇನೆ. ಫೆಬ್ರವರಿ 18ರಂದು ಹಾರುವ ಪ್ರಯಾಣಿಕರ ಜೀವ ಅದಕ್ಕಿಂತ ಸಣ್ಣದಲ್ಲವಲ್ಲ. ಕೋಳಿ ಅಂಗಡಿಯವನು ಮೂರೂವರೆ ವಾರದ ಸಂಪಾದನೆ ಕಳೆದುಕೊಂಡು ಮತ್ತೆ ಬಾಗಿಲು ತೆರೆದಾಗ, ಕರುಳು ಪುಕ್ಕ ಒಯ್ಯಲು ಗಾಡಿ ಬರದಿದ್ದರೆ, ಚೀಲ ಮತ್ತೆ ಮೋರಿಗೇ ಹೋಗುತ್ತದೆ.

ಮಂಗಳೂರಿನ ಪಚ್ಚನಾಡಿ ನೆನಪಾಗುತ್ತದೆ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಜಾರಿ ಪಕ್ಕದ ಮಂದಾರದ ಮನೆ, ತೋಟಗಳನ್ನೇ ನುಂಗಿತು. ಬಜ್ಪೆ ವಿಮಾನ ನಿಲ್ದಾಣ ಅಲ್ಲಿಂದ ಹತ್ತು ಕಿಲೋಮೀಟರ್ ಒಳಗೇ ಇದೆ. ಊರಿನ ಕಸವನ್ನು ನೆರೆಯ ಹಳ್ಳಿಯ ತಲೆಗೆ ಕಟ್ಟುವ ಚಾಳಿಗೆ ಬೆಲೆ ತೆತ್ತದ್ದು ಮೊದಲು ಆ ಹಳ್ಳಿ. ಹದ್ದುಗಳ ವಿಷಯ ಆಮೇಲಿನದು.

ಕೆರೆಗಳಿಂದಲೇ ಹಕ್ಕಿಗಳು ಬರುತ್ತವೆ, ಕೆರೆಗಳನ್ನೇ ಇಲ್ಲವಾಗಿಸಿ ಎನ್ನುವವರಿದ್ದಾರೆ. ಈ ಮಾತನ್ನು ನಾನು ಸುತರಾಂ ಒಪ್ಪುವುದಿಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿಗಳಿಗೆಂದೇ ಮೀಸಲಾದ ತಾಣ. ಕೊಕ್ಕರೆಗೆ ಬೇಕಾದ್ದು ನೀರು ಮತ್ತು ಮೀನು. ಅಲ್ಲಿರುವ ಹಕ್ಕು ಅದಕ್ಕಿದೆ. ಕೋಳಿ ಕರುಳನ್ನು ಬೀದಿಗೆ ತಂದು ಸುರಿದವರು ನಾವು.

ಮಾಡಬೇಕಾದ್ದು ಹೊಸದೇನಲ್ಲ. ಕೋಳಿ ತ್ಯಾಜ್ಯವನ್ನು ಬೇಯಿಸಿ ಎಣ್ಣೆ ತೆಗೆದು, ಒಣಗಿಸಿ ಪುಡಿ ಮಾಡಿದರೆ ಪ್ರಾಣಿಗಳ ಆಹಾರಕ್ಕೆ ಬರುತ್ತದೆ. ಕೇರಳದ ಹಲವು ಜಿಲ್ಲೆಗಳಲ್ಲಿ ಅಂಥ ಘಟಕಗಳಿವೆ. ವಿಮಾನ ಇಳಿಯುವ ದಾರಿಯ ಹಳ್ಳಿಗಳಲ್ಲಿ ಪಂಚಾಯಿತಿ, ಪುರಸಭೆ, ವಿಮಾನ ನಿಲ್ದಾಣ ಒಟ್ಟಾಗಿ ಮುಚ್ಚಿದ ಗಾಡಿಯೊಂದನ್ನು ಗೊತ್ತು ಮಾಡಲಿ, ವರ್ಷವಿಡೀ. ಅಂಗಡಿಗಳು ಬಾಗಿಲು ಹಾಕುವುದು ರಾತ್ರಿ. ಹದ್ದು ಬಿಸಿಗಾಳಿ ಹಿಡಿದು ಮೇಲೇಳುವುದು ಬೆಳಿಗ್ಗೆ ಬಿಸಿಲು ಕಾದ ಮೇಲೆ. ಗಾಡಿ ಬಂದು ಹೋಗಬೇಕಾದ್ದು ಈ ಎರಡರ ನಡುವೆ, ಮುಖ್ಯವಾಗಿ ಭಾನುವಾರ ರಾತ್ರಿ.