ಮುಂಬಯಿ ರೈಲು ಹತ್ತುವ ಮುನ್ನ: ಬದಲಾದ ನಿಯಮಗಳು, ಬದಲಾಗದ ಮಳೆಗಾಲ

ಮುಂಬಯಿಯಲ್ಲಿ ಮಗನೋ ಮಗಳೋ ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಅಪರೂಪ. ಕ್ರಿಸ್ಮಸ್, ಚೌತಿ, ಮದುವೆ, ಉತ್ತರಕ್ರಿಯೆ ಏನೇ ಇರಲಿ, ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಟಿಕೇಟ್ ಕನ್ಫರ್ಮ್ ಆಯಿತಾ?" ಈ ಪ್ರಶ್ನೆಗೆ ಉತ್ತರ ಕೊಡುವುದು ಕಳೆದ ಎರಡು ವರ್ಷಗಳಲ್ಲಿ ಮತ್ತಷ್ಟು ಕಷ್ಟವಾಗಿದೆ. 2024ರ ಕೊನೆಯಿಂದ ರೈಲ್ವೆ ಇಲಾಖೆ ಒಂದರ ಹಿಂದೆ ಒಂದರಂತೆ ನಿಯಮಗಳನ್ನು ಬದಲಾಯಿಸುತ್ತಾ ಬಂದಿದೆ. ಇವು ತಿಳಿಯದೆ ನಿಲ್ದಾಣಕ್ಕೆ ಹೋದವರು ದಾರಿ ಮಧ್ಯೆ ಪೇಚಿಗೆ ಸಿಲುಕುತ್ತಿದ್ದಾರೆ.

ಸ್ವಲ್ಪ ಹಿಂದಕ್ಕೆ ನೋಡೋಣ. ಒಂದು ಕಾಲದಲ್ಲಿ ಮುಂಬಯಿಗೆ ಹೋಗುವುದೆಂದರೆ ಹಗಲು ರಾತ್ರಿ ಬಸ್ಸಿನಲ್ಲಿ ಕುಳಿತು ಮೈ ನೋಯಿಸಿಕೊಳ್ಳುವ ಕೆಲಸವಾಗಿತ್ತು. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮ, ರೋಹಾದಿಂದ ತೋಕೂರಿನವರೆಗೆ 741 ಕಿ.ಮೀ. ಹಳಿ ಹಾಕಿ 1998ರ ಜನವರಿಯಲ್ಲಿ ಇಡೀ ಮಾರ್ಗವನ್ನು ಸಂಚಾರಕ್ಕೆ ತೆರೆಯಿತು. ಆಗ ರೈಲ್ವೆ ಸಚಿವರಾಗಿದ್ದ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್ ಯೋಜನೆಗೆ ಚಾಲನೆ ಕೊಟ್ಟರೆ, ಇ. ಶ್ರೀಧರನ್ ಅದನ್ನು ಕಟ್ಟಿ ಮುಗಿಸಿದರು. ಅದೇ ವರ್ಷ ಓಡಾಟ ಆರಂಭಿಸಿದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಾವಳಿಗರ ಮನೆಯ ರೈಲೇ ಆಗಿಬಿಟ್ಟಿತು. ಮಧ್ಯಾಹ್ನ ಹತ್ತಿ ಮರುದಿನ ಬೆಳಿಗ್ಗೆ ಇಳಿಯುವ ಅನುಕೂಲ ಅಲ್ಲಿಯವರೆಗೆ ನಮಗೆ ಇರಲಿಲ್ಲ. ರೈಲು ಈಗಲೂ ಓಡುತ್ತಿದೆ. ಅದನ್ನು ಹತ್ತುವ ಕ್ರಮ ಮಾತ್ರ ಬದಲಾಗಿದೆ.

ಮೊದಲನೆಯದು ಮುಂಗಡ ಬುಕ್ಕಿಂಗ್. 120 ದಿನಗಳಷ್ಟಿದ್ದ ಅವಧಿಯನ್ನು 2024ರ ನವೆಂಬರ್ 1ರಿಂದ 60 ದಿನಗಳಿಗೆ ಇಳಿಸಲಾಗಿದೆ. ಅಂದರೆ ಡಿಸೆಂಬರ್ 22ರಂದು ಊರಿಗೆ ಹೊರಡುವವರು ಅಕ್ಟೋಬರ್ 23ರ ಬೆಳಿಗ್ಗೆ 8 ಗಂಟೆಗೆ ಸಿದ್ಧರಾಗಿರಬೇಕು. ನಾಲ್ಕು ತಿಂಗಳ ಮುಂಚೆ ಟಿಕೇಟ್ ಮಾಡಿ ಆಮೇಲೆ ರದ್ದು ಮಾಡುವವರೇ ಹೆಚ್ಚು ಎಂಬುದು ಇಲಾಖೆಯ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ರಜೆ ಮಂಜೂರಾಗುವ ಮುಂಚೆಯೇ ಟಿಕೇಟ್ ಮಾಡಿ ನಿಶ್ಚಿಂತರಾಗುತ್ತಿದ್ದವರು ಈಗ ಒಂದೇ ಬೆಳಿಗ್ಗೆಯ ನೂಕುನುಗ್ಗಲಿಗೆ ಬೀಳುತ್ತಾರೆ. 2025ರ ಅಕ್ಟೋಬರ್‌ನಿಂದ, ಆನ್‌ಲೈನ್ ಬುಕ್ಕಿಂಗ್ ತೆರೆಯುವ ಆರಂಭದ ಹೊತ್ತಿನಲ್ಲಿ ಆಧಾರ್ ಜೋಡಿಸಿದ ಖಾತೆಯವರಿಗೆ ಮಾತ್ರ ಅವಕಾಶ. ಖಾತೆಗೆ ಆಧಾರ್ ಜೋಡಿಸದವರು ಆ ಕೆಲಸವನ್ನು ಇಂದೇ ಮಾಡಿಕೊಳ್ಳುವುದು ಒಳಿತು.

ಎರಡನೆಯದು ತತ್ಕಾಲ್. ಪ್ರಯಾಣದ ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರಿಗೆ 11 ಗಂಟೆಗೆ ತತ್ಕಾಲ್ ತೆರೆಯುವ ಕ್ರಮ ಹಾಗೆಯೇ ಇದೆ. ಆದರೆ 2025ರ ಜುಲೈಯಿಂದ ಆನ್‌ಲೈನಿನಲ್ಲಿ ಆಧಾರ್ ದೃಢೀಕರಣ ಕಡ್ಡಾಯ. ಮೊದಲ ಅರ್ಧ ಗಂಟೆ ಏಜೆಂಟರಿಗೆ ಪ್ರವೇಶವಿಲ್ಲ. ಕೌಂಟರಿನಲ್ಲಿಯೂ ಮೊಬೈಲಿಗೆ ಬರುವ ಒಟಿಪಿ ಕೇಳುವ ಕ್ರಮ ಬಂದಿದೆ. ಕಾಳಸಂತೆಯವರ ಕೈ ಕಟ್ಟಲು ಇದು ಬೇಕಿತ್ತು. ಕನ್ಫರ್ಮ್ ಆದ ತತ್ಕಾಲ್ ಟಿಕೇಟನ್ನು ನಾವಾಗಿ ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ ಎಂಬುದು ನೆನಪಿರಲಿ.

ಮೂರನೆಯದೇ ಹೆಚ್ಚು ಜನರಿಗೆ ಬಿಸಿ ಮುಟ್ಟಿಸಿದ್ದು. ಕೌಂಟರಿನಲ್ಲಿ ಪಡೆದ ವೈಟಿಂಗ್ ಲಿಸ್ಟ್ ಟಿಕೇಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವುದು, ಟಿಟಿಇ ಹತ್ತಿರ ಮಾತಾಡಿ ಎಲ್ಲಾದರೂ ಜಾಗ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿಯೇ ಆಗಿತ್ತು. 2025ರ ಮೇ 1ರಿಂದ ಇದನ್ನು ಬಿಗಿಯಾಗಿ ತಡೆಯಲಾಗುತ್ತಿದೆ. ಅಂಥ ಟಿಕೇಟಿಗೆ ಜನರಲ್ ಬೋಗಿ ಮಾತ್ರ; ಮೇಲಿನ ದರ್ಜೆಯಲ್ಲಿ ಸಿಕ್ಕಿಬಿದ್ದರೆ ದಂಡ. ಆನ್‌ಲೈನ್ ವೈಟಿಂಗ್ ಟಿಕೇಟಂತೂ ಚಾರ್ಟ್ ಆದೊಡನೆ ತಾನಾಗಿ ರದ್ದಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಮೊದಲು ರೈಲು ಹೊರಡುವ ನಾಲ್ಕು ಗಂಟೆ ಮುಂಚೆ ಆಗುತ್ತಿದ್ದ ಚಾರ್ಟ್ ಈಗ ಕನಿಷ್ಠ ಎಂಟು ಗಂಟೆ ಮುಂಚೆ ಆಗುತ್ತದೆ. ಕುಂದಾಪುರ, ಕಾರ್ಕಳದ ಒಳಹಳ್ಳಿಗಳಿಂದ ಬ್ಯಾಗು ಹೊತ್ತು ನಿಲ್ದಾಣಕ್ಕೆ ಬಂದ ಮೇಲೆ ಸುದ್ದಿ ತಿಳಿಯುವ ಸಂಕಟ ತಪ್ಪಿತು. ಮನೆಯಲ್ಲಿರುವಾಗಲೇ ಬಸ್ಸು ಹಿಡಿಯುವ ತೀರ್ಮಾನ ಮಾಡಬಹುದು.

ಇನ್ನು ಮಳೆಗಾಲ. ಕೊಂಕಣ ಮಾರ್ಗಕ್ಕೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತ್ಯೇಕ ವೇಳಾಪಟ್ಟಿ ಇದೆ; 2025ರಲ್ಲಿ ಅದು ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಜಾರಿಯಲ್ಲಿತ್ತು. ಹೊರಡುವ ಸಮಯವೇ ಬದಲಾಗುವುದರಿಂದ ಹಳೆಯ ಸಮಯ ನಂಬಿ ಹೋದವರಿಗೆ ರೈಲು ತಪ್ಪುತ್ತದೆ. ಜೋರು ಮಳೆಯಲ್ಲಿ ದಾರಿ ಕಾಣದಿದ್ದರೆ ಗಂಟೆಗೆ 40 ಕಿ.ಮೀ. ಮೀರಬಾರದೆಂದು ಚಾಲಕರಿಗೆ ಸೂಚನೆಯಿದೆ. ರೈಲು ನಿಧಾನವೆಂದು ಗೊಣಗುವ ಮುಂಚೆ 2003 ಮತ್ತು 2004ರ ಜೂನ್ ತಿಂಗಳನ್ನು ನೆನೆಯಬೇಕು. 2003ರಲ್ಲಿ ವೈಭವವಾಡಿ ಬಳಿ ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದ ವಿಶೇಷ ರೈಲು ಕುಸಿದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಕರಂಜಾಡಿ ಬಳಿ ಹಳಿ ತಪ್ಪಿದ್ದು ನಮ್ಮ ಮತ್ಸ್ಯಗಂಧವೇ. ಇಂದಿನ ನಿಧಾನ ಆ ಸಾವುಗಳಿಂದ ಕಲಿತ ಪಾಠ. ಅಷ್ಟಾದರೂ 2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ, ಕೆಲವೇ ದಿನಗಳಲ್ಲಿ ಖೇಡ್ ಬಳಿ ಮಣ್ಣು ಕುಸಿದು ಸಂಚಾರ ನಿಂತಿತು. ಮಳೆಗಾಲದಲ್ಲಿ ಸಂದರ್ಶನ, ವಿಮಾನ, ಆಸ್ಪತ್ರೆಯ ಸಮಯ ಇಟ್ಟುಕೊಂಡವರು ಒಂದು ದಿನ ಮುಂಚಿತವಾಗಿ ಹೊರಡುವುದೇ ಜಾಣತನ.

ಮಳೆಯಿಲ್ಲದಾಗಲೂ ರೈಲು ನಡುದಾರಿಯಲ್ಲಿ ನಿಲ್ಲುವುದೇಕೆ? ರೋಹಾ–ವೀರ್ ನಡುವಿನ ಸುಮಾರು 47 ಕಿ.ಮೀ. 2021ರಲ್ಲಿ ಜೋಡಿ ಹಳಿಯಾಯಿತು. ಉಳಿದ ಉದ್ದಕ್ಕೂ ಒಂಟಿ ಹಳಿ. ಎದುರಿನ ರೈಲು ದಾಟುವವರೆಗೆ ನಮ್ಮದು ಕಾಯಲೇಬೇಕು. 2022ರಲ್ಲಿ ವಿದ್ಯುದೀಕರಣ ಮುಗಿಯಿತು, ಹೊಗೆ ತಪ್ಪಿತು, ಕಾಯುವುದು ತಪ್ಪಲಿಲ್ಲ. ಜೊತೆಗೆ, ಸಾಲ ತೀರಿಸಲೆಂದು ಈ ಮಾರ್ಗದಲ್ಲಿ ನೂರು ಕಿ.ಮೀ.ಯನ್ನು ನೂರನಲವತ್ತೆಂದು ಲೆಕ್ಕ ಹಾಕಿ ದರ ವಿಧಿಸುತ್ತಾ ಬರಲಾಗಿದೆ ಎಂಬುದು ಎಷ್ಟು ಪ್ರಯಾಣಿಕರಿಗೆ ಗೊತ್ತು? ಹೆಚ್ಚು ದುಡ್ಡು ಕೊಟ್ಟವರಿಗೆ ಎರಡನೇ ಹಳಿ ಸಿಗಲಿಲ್ಲ. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಬೇಕೆಂಬ ಬೇಡಿಕೆಗೆ ಇದೇ ಮುಖ್ಯ ಕಾರಣ. ಕರ್ನಾಟಕ, ಗೋವಾ, ಕೇರಳದ ಬಳಿಕ 2025ರಲ್ಲಿ ಮಹಾರಾಷ್ಟ್ರ ಸರಕಾರವೂ ಇದಕ್ಕೆ ಒಪ್ಪಿದೆ. ವಿಲೀನದ ಜೊತೆ ಜೋಡಿ ಹಳಿಗೂ ಹಣ ಬಂದರೆ ಮಾತ್ರ ಪ್ರಯಾಣಿಕನಿಗೆ ಲಾಭ. ಬರೇ ಬೋರ್ಡು ಬದಲಾದರೆ ಏನು ಬಂತು?

ಹೊರಡುವವರಿಗೆ ಕೆಲವು ಕಿವಿಮಾತು. ಮತ್ಸ್ಯಗಂಧ ಹೊರಡುವುದು ಮಂಗಳೂರು ಸೆಂಟ್ರಲ್‌ನಿಂದ. ಕೇರಳದಿಂದ ಬರುವ ನೇತ್ರಾವತಿಯಂಥ ರೈಲುಗಳು ಸಿಗುವುದು ಪಡೀಲಿನ ಮಂಗಳೂರು ಜಂಕ್ಷನ್‌ನಲ್ಲಿ. ಎರಡನ್ನೂ ಒಂದೇ ಎಂದು ತಿಳಿದು ರಿಕ್ಷಾದಲ್ಲಿ ಓಡುವವರನ್ನು ಇಂದಿಗೂ ಕಾಣಬಹುದು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್‌ನ ಕೋಟಾ ಇದೆ. ಆದರೆ ಒಂದೇ ಟಿಕೇಟಿನಲ್ಲಿ ಮಕ್ಕಳು ಮೊಮ್ಮಕ್ಕಳ ಹೆಸರನ್ನೆಲ್ಲ ಸೇರಿಸಿದರೆ ಅದು ಅನ್ವಯಿಸುವುದಿಲ್ಲ. ಹಿರಿಯರಿಗೆ ಬೇರೆಯೇ ಟಿಕೇಟ್ ಮಾಡಿ. ಸ್ಲೀಪರಿನಲ್ಲಿ ಒಬ್ಬರಿಗೆ 40 ಕೆ.ಜಿ. ಸಾಮಾನು ಉಚಿತ. ಮಧ್ಯದ ಬರ್ತ್ ಬಿಡಿಸುವ ಹಕ್ಕು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ. ಗುರುತಿನ ಚೀಟಿ ಕೈಯಲ್ಲಿರಲಿ. ತೊಂದರೆಯಾದರೆ 139ಕ್ಕೆ ಕರೆ ಮಾಡಿ.

ಈ ಎಲ್ಲ ಬದಲಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟ. ಸ್ಮಾರ್ಟ್‌ಫೋನ್, ಆಧಾರ್, ವೇಗದ ಇಂಟರ್ನೆಟ್ ಇರುವವನಿಗೆ ವ್ಯವಸ್ಥೆ ಮೊದಲಿಗಿಂತ ನ್ಯಾಯವಾಗಿದೆ. ಇವು ಯಾವುವೂ ಇಲ್ಲದ ಎಪ್ಪತ್ತರ ಹರೆಯದ ತಾಯಿಗೆ, ಹೋಟೆಲಿನಲ್ಲಿ ದುಡಿಯುವ ಹುಡುಗನಿಗೆ ಬಾಗಿಲು ಇನ್ನಷ್ಟು ಕಿರಿದಾಗಿದೆ. 2020ರ ಮಾರ್ಚ್‌ನಲ್ಲಿ ಕೊರೊನಾ ನೆಪದಲ್ಲಿ ನಿಲ್ಲಿಸಿದ ಹಿರಿಯ ನಾಗರಿಕರ ರಿಯಾಯಿತಿ ಮರಳಿ ಬರಲಿಲ್ಲ, ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಇದ್ದ ಆ ನೆರವು ಮಕ್ಕಳ ದುಡ್ಡಿಗೆ ಕೈಯೊಡ್ಡದೆ ಊರಿಗೆ ಬಂದು ಹೋಗುವ ಧೈರ್ಯ ಕೊಡುತ್ತಿತ್ತು. ಅದನ್ನು ಸ್ಲೀಪರ್ ದರ್ಜೆಗಾದರೂ ಮರಳಿ ಕೊಡಬೇಕೆಂದು ನಮ್ಮ ಸಂಸದರು ಒತ್ತಾಯಿಸಲಿ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ನೆರೆಮನೆಯ ಅಜ್ಜಿಗೆ ಮುಂಬಯಿಗೆ ಹೋಗಲಿದೆಯೆಂದು ತಿಳಿದರೆ, ಅರುವತ್ತನೆಯ ದಿನದ ಬೆಳಿಗ್ಗೆ 8 ಗಂಟೆಗೆ ನಿಮ್ಮ ಫೋನಿನಲ್ಲಿ ಹತ್ತು ನಿಮಿಷ ಅವರಿಗಾಗಿ ತೆಗೆದಿಡಿ.