ತಪ್ಪನ್ನು ಮೊದಲೇ ಹೇಳುವ ಶಿಸ್ತು

ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಹೊಲದಲ್ಲಿ ಕೃಷಿಹೊಂಡ ತೋಡಿಸಬೇಕಾದಾಗ ರೈತರು ‘ಹಿಟಾಚಿ ತರಸೂಣು’ ಎನ್ನುತ್ತಾರೆ. ಆ ಹೆಸರಿನ ಯಂತ್ರಗಳು ತಯಾರಾಗುವ ಕಾರ್ಖಾನೆ ಧಾರವಾಡದಲ್ಲೇ ಇದೆ. ಅದನ್ನು ನಡೆಸುತ್ತಿದ್ದ ಟಾಟಾದವರ ಟೆಲ್ಕಾನ್ ಕಂಪನಿಯಲ್ಲಿ ಜಪಾನಿನ ಹಿಟಾಚಿಯ ಪಾಲು 2010ರಲ್ಲಿ ಶೇ 60ಕ್ಕೆ ಏರಿತು. 2012ರಲ್ಲಿ ಕಂಪನಿ ಟಾಟಾ ಹಿಟಾಚಿ ಆಯಿತು. ಕಲಘಟಗಿ, ಕುಂದಗೋಳದ ಐಟಿಐ ಹುಡುಗರಿಗೆ ಜಪಾನಿ ಕಾರ್ಖಾನೆಯ ರೀತಿ ರಿವಾಜು ಈಗ ಬಸ್ಸಿನ ದಾರಿಯಷ್ಟೇ ದೂರ.

ಆ ರಿವಾಜು ಎಂದ ಕೂಡಲೇ ನೆನಪಾಗುವುದು ನಡು ಬಗ್ಗಿಸಿ ವಂದಿಸುವುದು, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಡುವುದು, ಹೇಳಿದ ಹೊತ್ತಿಗೆ ಐದು ನಿಮಿಷ ಮುಂಚೆ ಹಾಜರಾಗುವುದು. ಇವನ್ನು ಕಲಿಯಲು ಅರ್ಧ ದಿನ ಸಾಕು.

ಕಷ್ಟದ ಪಾಠ ಬೇರೆಯೇ ಇದೆ. ಟೊಯೊಟಾ ಕಾರ್ಖಾನೆಗಳ ಜೋಡಣಾ ಸಾಲಿನಲ್ಲಿ ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಇಲ್ಲವೇ ಗುಂಡಿ ಒತ್ತಿ ಸಂಕೇತ ಕೊಡಬಹುದು. ತಂಡದ ನಾಯಕ ಓಡಿ ಬರುತ್ತಾನೆ. ನಿಗದಿತ ಹೊತ್ತಿನೊಳಗೆ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ನಿಲ್ಲಿಸಿದವನನ್ನು ಬೈಯುವಂತಿಲ್ಲ. ಜಪಾನಿ ಕಚೇರಿಗಳಲ್ಲಿ ಹೊಸಬರಿಗೆ ಮೊದಲು ಕಲಿಸುವುದೂ ಇದೇ ಜಾತಿಯ ಪಾಠ: ಕೆಲಸ ಎಲ್ಲಿಗೆ ಬಂತೆಂದು ಮೇಲಿನವರು ಕೇಳುವ ಮೊದಲೇ ತಿಳಿಸಬೇಕು, ಜೊತೆಯವರಿಗೆ ಸುದ್ದಿ ಮುಟ್ಟಿಸಬೇಕು, ಅನುಮಾನ ಬಂದರೆ ಕೇಳಬೇಕು. ಕೆಟ್ಟ ಸುದ್ದಿಯಂತೂ ಎಲ್ಲಕ್ಕಿಂತ ಮುಂಚೆ ತಲುಪಬೇಕು.

ನಮ್ಮ ಹುಡುಗರು ಎಡವುವುದು ಇಲ್ಲಿಯೇ. ತಿಳಿದರೂ ತಿಳಿಯದಿದ್ದರೂ ‘ಹೂಂ ರೀ ಸರ’ ಎಂದುಬಿಡುತ್ತಾರೆ. ಬೆಸುಗೆ ಕೆಟ್ಟರೆ ಮೇಸ್ತ್ರಿಯ ಕಣ್ಣಿಗೆ ಬೀಳುವ ತನಕ ಬಾಯಿ ಬಿಡುವುದಿಲ್ಲ. ಇದಕ್ಕೆ ಹುಡುಗರನ್ನು ದೂರುವುದು ಅನ್ಯಾಯ. ಮನೆಯಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ತಪ್ಪು ಒಪ್ಪಿಕೊಂಡವನಿಗೇ ಏಟು ಬಿದ್ದಿರುವಾಗ ಮುಚ್ಚಿಡುವ ಜಾಣತನವನ್ನು ಕಲಿಸಿದವರು ನಾವೇ.

ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 2007ರಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ ತೆರೆದಾಗ ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಬಡ ಮಕ್ಕಳನ್ನು ಆಯ್ದು ಮೂರು ವರ್ಷ ಅಲ್ಲೇ ಉಳಿಸಿಕೊಂಡು ಕಲಿಸುವ ದಾರಿ ಹಿಡಿಯಿತು. ಕೈಕೆಲಸದಷ್ಟೇ ತೂಕ ನಡವಳಿಕೆಗೂ ಇತ್ತು. ನಡವಳಿಕೆಯನ್ನೂ ಪಾಠದಂತೆ ಕಲಿಸಬಹುದು ಎಂಬ ಈ ನಂಬಿಕೆ ನಮ್ಮ ತಾಲೂಕು ಐಟಿಐಗಳಿಗೂ ಬರಬೇಕು.

ಹಾಗೆಂದು ಜಪಾನಿ ಪದ್ಧತಿಗೆ ಕೈಮುಗಿದು ನಿಲ್ಲಬೇಕಿಲ್ಲ. ಅದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ನೌಕರನೊಬ್ಬನ ಅಮಾನತಿನಿಂದ ಶುರುವಾದ ತಕರಾರು ಲಾಕೌಟಿಗೆ ಹೋಗಿ ತಿಂಗಳುಗಟ್ಟಲೆ ಎಳೆಯಿತು; ಕೆಲಸದ ಹೊರೆ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರಾಗಿತ್ತು. ಹಗ್ಗ ಎಳೆಯುವ ಹಕ್ಕು ಯಂತ್ರದ ದೋಷಕ್ಕಷ್ಟೇ ಸೀಮಿತವಾಗಿ, ಮನುಷ್ಯನ ದಣಿವಿಗೆ ಇಲ್ಲವಾದರೆ ಆ ಶಿಸ್ತು ಅರ್ಧಂಬರ್ಧ. ಜಪಾನಿನಲ್ಲೂ ಡೆಂಟ್ಸು ಕಂಪನಿಯ 24 ವರ್ಷದ ಉದ್ಯೋಗಿ 2015ರಲ್ಲಿ ಅತಿಯಾದ ದುಡಿಮೆಯಿಂದ ಆತ್ಮಹತ್ಯೆ ಮಾಡಿಕೊಂಡ ಪ್ರಕರಣ ದೇಶವನ್ನೇ ಅಲುಗಿಸಿತು. ಹೆಚ್ಚುವರಿ ದುಡಿಮೆ ವರ್ಷಕ್ಕೆ 720 ಗಂಟೆ ಮೀರಬಾರದೆಂಬ ಕಾನೂನಿನ ಮಿತಿ ಅಲ್ಲಿ ಜಾರಿಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ.

ಈ ಮಾತಿಗೆ ಈಗ ಅವಸರವೂ ಇದೆ. ಐದು ವರ್ಷಗಳಲ್ಲಿ 50,000 ಕುಶಲ ಭಾರತೀಯರು ಜಪಾನಿಗೆ ಹೋಗುವ ಗುರಿಯನ್ನು ಎರಡೂ ದೇಶಗಳು 2025ರ ಆಗಸ್ಟ್‌ನಲ್ಲಿ ಘೋಷಿಸಿವೆ. ನಮ್ಮ ಹಳ್ಳಿಗಳಿಂದ ಹೊರಡುವವರು ದುಡಿಮೆಯ ಗಂಟೆ, ಪಗಾರ, ರಜೆ ಎಲ್ಲವನ್ನೂ ಕಾಗದದಲ್ಲಿ ನೋಡಿಯೇ ಸಹಿ ಮಾಡಲಿ. ಐಟಿಐ ಗುರುಗಳಲ್ಲಿ ಒಂದು ವಿನಂತಿ: ವರ್ಕ್‌ಶಾಪ್ ತರಗತಿಯ ಕೊನೆಯ ಹತ್ತು ನಿಮಿಷ ‘ಇವತ್ತು ಏನು ಕೆಟ್ಟಿತು, ಹೇಳ್ರಿ’ ಎಂದು ಕೇಳಿರಿ. ಹೇಳಿದವನ ಅಂಕ ಕಡಿಯಬೇಡಿರಿ.